ಐದನೇ ಸ್ಲ್ಯಾಬಿನ ದುಡ್ಡು ಯಾರದು?

ಬೆಂಗಳೂರಿನಲ್ಲಿ ಇನ್ನೂ ಏಳುತ್ತಿರುವ ಕಟ್ಟಡದಲ್ಲಿ ಫ್ಲ್ಯಾಟ್ ಕೊಂಡವರಿಗೆ ಡಿಮ್ಯಾಂಡ್ ಲೆಟರ್ ಪರಿಚಯವಿರುತ್ತದೆ. ಐದನೇ ಸ್ಲ್ಯಾಬ್ ಮುಗಿದಿದೆ, ಇಷ್ಟು ದಿನದೊಳಗೆ ಇಂತಿಷ್ಟು ಕಟ್ಟಿ ಎಂಬ ಒಕ್ಕಣೆ. ಕಂತು ಬ್ಯಾಂಕಿನಿಂದ ನೇರ ಬಿಲ್ಡರ್ ಖಾತೆಗೆ ಹೋಗುತ್ತದೆ. ಬಡ್ಡಿ ಮುರಿಯುವುದು ಕೊಂಡವರ ಸಂಬಳದಲ್ಲಿ. ನಿರ್ಮಾಣ ಕ್ಷೇತ್ರಕ್ಕೆ ಹರಿದ ಬಂಡವಾಳದ ಬಗ್ಗೆ ವರದಿ ಬಂದಾಗಲೆಲ್ಲ ವಿದೇಶಿ ನಿಧಿಗಳ ಹೆಸರು ಕಾಣುತ್ತದೆ, ಈ ಐದನೇ ಸ್ಲ್ಯಾಬಿನ ದುಡ್ಡು ಕಾಣುವುದಿಲ್ಲ. ಅದಕ್ಕೆ ಅಲ್ಲಿ ಮಾರಾಟ ಎಂದು ಹೆಸರು.

ಹಳೆಯ ಕಥೆ ಚಿಕ್ಕದು. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, 1976ರ ನಂತರ ಬಿಡಿಎ ಸೈಟು ಹಂಚುತ್ತಿದ್ದವು. ಸೈಟು ಸಿಕ್ಕವರು ಪಿ.ಎಫ್. ತೆಗೆದು, ಒಡವೆ ಅಡವಿಟ್ಟು, ಮೇಸ್ತ್ರಿ ಹಿಡಿದು ಕಟ್ಟಿಸುತ್ತಿದ್ದರು. 1977ರಲ್ಲಿ ಎಚ್‌ಡಿಎಫ್‌ಸಿ, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಹುಟ್ಟಿ ಮನೆ ಸಾಲ ಎಂಬುದು ಮಧ್ಯಮವರ್ಗದ ಮಾತಾಯಿತು. ತೊಂಬತ್ತರ ದಶಕದ ಐಟಿ ಸಂಬಳ ಬಂದ ಮೇಲೆ ಸೈಟಿನ ಜಾಗಕ್ಕೆ ಫ್ಲ್ಯಾಟ್ ಬಂತು.

ಫ್ಲ್ಯಾಟ್ ಕಟ್ಟಲು ಮೊದಲು ನೆಲ ಬೇಕಲ್ಲ? ತೊಡಕು ಶುರುವಾದದ್ದು ಇಲ್ಲಿಂದ. ಖಾಸಗಿ ಬಿಲ್ಡರ್ ನೆಲ ಕೊಳ್ಳಲು ಬ್ಯಾಂಕುಗಳು ಸಾಲ ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮೇಲಾಗಿ ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರವರೆಗೆ ಕೃಷಿ ಜಮೀನು ಕೊಳ್ಳದಂತೆ ಕೃಷಿಕರಲ್ಲದವರ ಕೈ ಕಟ್ಟಿದ್ದವು. ಬೆಂಗಳೂರು ಕಂಡುಕೊಂಡ ಉಪಾಯ ಜಾಯಿಂಟ್ ಡೆವಲಪ್‌ಮೆಂಟ್, ಆಡುಮಾತಿನಲ್ಲಿ ಜೆ.ಡಿ. ಮಾಲೀಕರು ಜಮೀನು ಪರಿವರ್ತಿಸಿ ಬಿಲ್ಡರ್‌ಗೆ ಜಿ.ಪಿ.ಎ. (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಡುತ್ತಾರೆ. ಬಿಲ್ಡರ್ ಕಟ್ಟಿ, ಮಾಲೀಕರಿಗೆ ಪಾಲು ಕೊಟ್ಟು, ಉಳಿದದ್ದನ್ನು ಮಾರುತ್ತಾರೆ. ನೆಲದ ಮೇಲೆ ರೊಕ್ಕ ಸುರಿಯಬೇಕಿಲ್ಲ. ಹೆಸರು ಮಾತ್ರ ಮಾಲೀಕರದ್ದೇ ಉಳಿಯುತ್ತದೆ. ಈ ಹೆಸರಿನ ವಿಚಾರ ನೆನಪಿನಲ್ಲಿರಲಿ.

2005ರಲ್ಲಿ ದೆಹಲಿ ಬಾಗಿಲು ತೆರೆಯಿತು. ಅಲ್ಲಿಯವರೆಗೆ ವಿದೇಶಿ ಹೂಡಿಕೆಗೆ 100 ಎಕರೆಯ ಟೌನ್‌ಶಿಪ್ ಬೇಕಿತ್ತು. ಹೊಸ ನಿಯಮದಲ್ಲಿ ನಿವೇಶನ ಬಡಾವಣೆಗೆ 25 ಎಕರೆ, ಕಟ್ಟಡಕ್ಕೆ 50,000 ಚದರ ಮೀಟರ್ ಸಾಕೆಂದಾಯಿತು. ಮೂರು ವರ್ಷ ದುಡ್ಡು ವಾಪಸು ಒಯ್ಯುವಂತಿಲ್ಲ ಎಂಬ ಷರತ್ತೂ ಇತ್ತು. 2015ರ ಹೊತ್ತಿಗೆ ವಿಸ್ತೀರ್ಣದ ಷರತ್ತನ್ನೇ ಕಿತ್ತುಹಾಕಲಾಯಿತು. ಆದರೆ ನಡುವೆ 2008ರ ಜಾಗತಿಕ ಹಣಕಾಸು ಬಿಕ್ಕಟ್ಟು ಬಂದಿತ್ತು. ಹೊರಗಿನ ದುಡ್ಡು ಬತ್ತಿದರೂ ಅಗೆದ ಗುಂಡಿಗಳು ಹಾಗೇ ಇದ್ದವು. ಅವನ್ನು ತುಂಬಲು ಬಂದದ್ದು 20:80.

ಅದರ ಲೆಕ್ಕವನ್ನು ಬಿಡಿಸಿ ಹೇಳಬೇಕು. ಕೊಳ್ಳುವವರು ಶೇ 20 ಕಟ್ಟಿದರೆ ಸಾಕು. ಉಳಿದ ಶೇ 80ನ್ನು ಬ್ಯಾಂಕು ಅವರ ಹೆಸರಿನಲ್ಲಿ ಸಾಲ ಮಾಡಿ, ಎಷ್ಟೋ ಕಡೆ ಕಟ್ಟಡ ಪಾಯ ದಾಟುವ ಮೊದಲೇ, ಬಿಲ್ಡರ್‌ಗೆ ಕೊಡುತ್ತಿತ್ತು. ಕೀಲಿಕೈ ಕೊಡುವವರೆಗೆ ಬಡ್ಡಿ ತಮ್ಮದು ಎಂದು ಬಿಲ್ಡರ್ ಒಪ್ಪುತ್ತಿದ್ದರು. ಬಿಲ್ಡರ್ ತಾವೇ ಸಾಲ ಕೇಳಿದ್ದರೆ ದುಬಾರಿ ಬಡ್ಡಿ ತೆರಬೇಕಿತ್ತು. ಸಂಬಳದಾರರ ಹೆಸರಿನಲ್ಲಾದರೆ ಅಗ್ಗದ ಮನೆ ಸಾಲ. ಎಲ್ಲರಿಗೂ ಲಾಭವೆಂದು ಕಂಡ ಈ ಏರ್ಪಾಡು ಬಿಲ್ಡರ್ ಬಡ್ಡಿ ನಿಲ್ಲಿಸಿದ ದಿನ ಬಣ್ಣ ಬದಲಿಸಿತು. ಸಾಲದ ಪತ್ರಕ್ಕೆ ಸಹಿ ಹಾಕಿದವರನ್ನು ಬ್ಯಾಂಕು ಹುಡುಕಿಕೊಂಡು ಬಂತು. ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದರಲ್ಲಿ ಇಲ್ಲದ ಮನೆಯ ಇಎಂಐ. ಕಾಮಗಾರಿಯ ಹಂತ ನೋಡಿಯೇ ಸಾಲ ಬಿಡುಗಡೆ ಮಾಡಿ ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು 2013ರ ಸೆಪ್ಟೆಂಬರಿನಲ್ಲಿ. ಗೃಹ ಹಣಕಾಸು ಕಂಪನಿಗಳಿಗೆ ಕಡಿವಾಣ ಬೀಳಲು 2019 ಆಗಬೇಕಾಯಿತು. ಆರು ವರ್ಷ ಕಡಿಮೆ ಕಾಲವೇನಲ್ಲ. ಬಿಲ್ಡರ್–ಬ್ಯಾಂಕ್ ನಂಟಿನ ತನಿಖೆಯನ್ನು ಸುಪ್ರೀಂ ಕೋರ್ಟ್ ಸಿಬಿಐಗೆ ವಹಿಸಿದ್ದು 2025ರಲ್ಲಿ.

ಈ ನಡುವೆ ಮೇ 2017ರಿಂದ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಪೂರ್ಣವಾಗಿ ಜಾರಿಗೆ ಬಂತು. ಕರ್ನಾಟಕದ ನಿಯಮಗಳು ಜುಲೈನಲ್ಲಿ ಬಂದವು. ನೋಂದಣಿ ಇಲ್ಲದೆ ಬುಕಿಂಗ್ ಇಲ್ಲ, ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಇಲ್ಲ, ಕೊಂಡವರಿಂದ ಬಂದ ದುಡ್ಡಿನಲ್ಲಿ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ಕಾಯ್ದೆ ಒಳ್ಳೆಯದೇ. ಆದರೆ ಆ ಶೇ 70ರಿಂದ ನಿರ್ಮಾಣ ವೆಚ್ಚದ ಜೊತೆಗೆ ನೆಲದ ವೆಚ್ಚಕ್ಕೂ ತೆಗೆಯಲು ಅವಕಾಶವಿದೆ. ಇನ್ನು ನೋಂದಣಿಗೆ ಮೊದಲೇ ಬುಕ್ ಮಾಡಿಸುವ ಪ್ರೀ-ಲಾಂಚ್ ಎಂಬ ಪದ ಮಾಯವಾಗಿ 'ಆಸಕ್ತಿ ವ್ಯಕ್ತಪಡಿಸುವ ಮೊತ್ತ' ಎಂಬ ಹೊಸ ಹೆಸರಿನ ಚೆಕ್ಕು ಚಾಲ್ತಿಗೆ ಬಂದದ್ದು ಸೈಟ್ ಆಫೀಸಿಗೆ ಹೋಗಿಬಂದವರಿಗೆ ಗೊತ್ತು.

2018ರ ಸೆಪ್ಟೆಂಬರಿನಲ್ಲಿ ಮೂಲಸೌಕರ್ಯ ಯೋಜನೆಗಳಿಗೆ ಸಾಲ ಕೊಡುವ ಸಂಸ್ಥೆ ಐಎಲ್ ಆ್ಯಂಡ್ ಎಫ್‌ಎಸ್ ಸಾಲ ತೀರಿಸಲಾಗದೆ ಕುಸಿದಾಗ ಬಿಲ್ಡರ್‌ಗಳಿಗೆ ಸಾಲ ಕೊಡುತ್ತಿದ್ದ ಬ್ಯಾಂಕೇತರ ಸಂಸ್ಥೆಗಳ ನಲ್ಲಿಯೂ ನಿಂತಿತು. ಮರುವರ್ಷದ ನವೆಂಬರಿನಲ್ಲಿ, ಅರ್ಧಕ್ಕೆ ನಿಂತ ವಸತಿ ಯೋಜನೆಗಳಿಗೆಂದು ಕೇಂದ್ರ 25,000 ಕೋಟಿ ರೂಪಾಯಿಯ ನಿಧಿ ಘೋಷಿಸಿತು. ಅದೇ 2019ರ ಏಪ್ರಿಲಿನಲ್ಲಿ ದೇಶದ ಮೊದಲ ರೀಟ್ (ಬಾಡಿಗೆ ತರುವ ಕಟ್ಟಡಗಳ ಪಾಲನ್ನು ಷೇರಿನಂತೆ ಮಾರುವ ಟ್ರಸ್ಟ್) ಷೇರುಪೇಟೆಗೆ ಬಂದಿತ್ತು, ಅದೂ ಬೆಂಗಳೂರಿನಿಂದ. ದೊಡ್ಡ ಬಂಡವಾಳಕ್ಕೆ ಅದರಲ್ಲಿ ಭಯವಿಲ್ಲ: ಕಟ್ಟಿ ಮುಗಿದ, ಬಾಡಿಗೆ ಬರುತ್ತಿರುವ ಆಫೀಸುಗಳು. ಗುಂಡಿ ತೋಡುವ ಹಂತದ ಭಯ ಇನ್ನೂ ಫ್ಲ್ಯಾಟ್ ಬುಕ್ ಮಾಡಿದವರ ಪಾಲಿಗೇ ಇದೆ. (ಆ ಗುಂಡಿಗೆ ಇಳಿಯುವ ಯಾದಗಿರಿ, ರಾಯಚೂರು, ಒಡಿಶಾ, ಬಿಹಾರದ ಕೂಲಿಕಾರರಿಗೆಂದು ನಿರ್ಮಾಣ ವೆಚ್ಚದ ಶೇ 1 ಸೆಸ್ ವಸೂಲಾಗುತ್ತದೆ. ಅದು ಅವರಿಗೆ ತಲುಪುವ ಕಥೆ ಬೇರೆಯೇ ಬರೆಯಬೇಕಾದದ್ದು.)

ಈಗ ಯೋಜನೆ ನಿಂತರೆ ಏನಾಗುತ್ತದೆ? ರೇರಾ ಮುಂದೆ ಗೆದ್ದವರಿಗೆ ಅಸಲು, ಸ್ಟೇಟ್ ಬ್ಯಾಂಕ್ ದರದ ಮೇಲೆ ಶೇ 2 ಸೇರಿಸಿದ ಬಡ್ಡಿ ಕೊಡಿಸುವ ಆದೇಶ ಸಿಗುತ್ತದೆ. ಬಿಲ್ಡರ್ ಕೊಡದಿದ್ದರೆ ಅದು ಭೂಕಂದಾಯ ಬಾಕಿಯ ಲೆಕ್ಕಕ್ಕೆ ಸೇರಿ, ಜಿಲ್ಲಾಧಿಕಾರಿ ಕಚೇರಿಯಿಂದ ತಹಶೀಲ್ದಾರರ ಮೇಜಿಗೆ ಇಳಿಯುತ್ತದೆ. ಚುನಾವಣೆ, ಬರ ಪರಿಹಾರ, ಪೋಡಿಗಳ ನಡುವೆ ಒಂದು ದಿನ ಅವರು ಜಪ್ತಿಗೆಂದು ದಾಖಲೆ ತೆಗೆಸುತ್ತಾರೆ. ಜೆ.ಡಿ. ಜಾಗವಾಗಿದ್ದರೆ, ಬಾಕಿದಾರರ ಆಸ್ತಿ ಹುಡುಕುವ ಆ ಕಾಗದದಲ್ಲಿ ಕಾಣುವುದು ಬಿಲ್ಡರ್ ಹೆಸರಲ್ಲ, ಜಮೀನು ಮಾಲೀಕರದ್ದು.