ಮಾರ್ಕ್ಸ್ ಇದೆ, ಚಟುವಟಿಕೆ ಇಲ್ಲ: ಅಮೆರಿಕದ ಕಾಲೇಜಿಗೆ ಅರ್ಜಿ ಹಾಕೋದು ಹೇಗೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಹೈಸ್ಕೂಲೊಂದರಲ್ಲಿ ಹನ್ನೊಂದನೇ ತರಗತಿ ಮುಗಿಸುತ್ತಿದ್ದಾಳೆ. ಗ್ರೇಡುಗಳೆಲ್ಲ ಎ, ಎಪಿ ಕೋರ್ಸುಗಳೂ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠಗಳು) ಇವೆ. ಆದರೆ ಆಟ ಇಲ್ಲ, ಡಿಬೇಟ್ ಇಲ್ಲ, ಯಾವ ಕ್ಲಬ್ಬಿಗೂ ಅಧ್ಯಕ್ಷೆ ಅಲ್ಲ. ಶಾಲೆ ಬಿಟ್ಟ ಕೂಡಲೇ ಮನೆಗೆ ಬರುತ್ತಾಳೆ. ಗೆಳತಿಯರು ಏನೇನು ಮಾಡಿದ್ದಾರೆ ಅಂತ ಕೇಳಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಈ ಬೇಸಿಗೆಯಲ್ಲಿ ಮೂರ್ನಾಲ್ಕು ಕಡೆ ಸೇರಿಸಿಬಿಡಲಾ? ಇಲ್ಲದಿದ್ದರೆ ಒಳ್ಳೆ ಕಾಲೇಜು ಸಿಗುವುದೇ ಇಲ್ಲವಾ?

ಉತ್ತರ: ಸೇರಿಸಬೇಡಿ.

ಕಾರಣ ಅರ್ಜಿಯಲ್ಲೇ ಇದೆ. ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ ಆನ್‌ಲೈನ್ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಪ್ರತಿ ಚಟುವಟಿಕೆಗೂ ಒಂದು ಪ್ರಶ್ನೆ ಇರುತ್ತದೆ: ಇದನ್ನು ಯಾವ ತರಗತಿಗಳಲ್ಲಿ ಮಾಡಿದೆ? 9, 10, 11, 12 ಅಂತ ಚೌಕಗಳಿರುತ್ತವೆ. ನಾಲ್ಕು ಚಟುವಟಿಕೆ ಬರೆದು, ನಾಲ್ಕಕ್ಕೂ 12ರಲ್ಲಿ ಮಾತ್ರ ಟಿಕ್ ಹಾಕಿದರೆ ಓದುವವರಿಗೆ ಮಿಕ್ಕ ಕತೆ ಹೇಳಬೇಕಾಗಿಲ್ಲ. ದಿನಕ್ಕೆ ಹತ್ತಾರು ಅರ್ಜಿ ಓದುವ ಜನ ಅವರು. ಅರ್ಜಿಗೆ ಸ್ವಲ್ಪ ಮುಂಚೆ ಹುಟ್ಟಿಕೊಂಡ ಸೇವಾ ಸಂಸ್ಥೆಗಳನ್ನೂ ಅವರು ಬೇಕಾದಷ್ಟು ನೋಡಿರುತ್ತಾರೆ.

ಅದರ ಬದಲು ಎರಡು ಕೆಲಸ ಮಾಡಿ. ಅವಳು ಅರ್ಜಿ ಹಾಕಬೇಕೆಂದಿರುವ ಕಾಲೇಜುಗಳು ನಿಜಕ್ಕೂ ಏನು ನೋಡುತ್ತವೆ ಅಂತ ತಿಳಿದುಕೊಳ್ಳಿ. ಆಮೇಲೆ ಶಾಲೆ ಬಿಟ್ಟ ಮೇಲೆ ಅವಳ ಹೊತ್ತು ಎಲ್ಲಿ ಹೋಗುತ್ತಿದೆ ಅಂತ ಲೆಕ್ಕ ಹಾಕಿ. ಎರಡನೆಯದರಲ್ಲೇ ಹೆಚ್ಚಿನ ಉತ್ತರ ಇರುತ್ತದೆ. ಆದರೆ ಮೊದಲನೆಯದನ್ನು ಮೊದಲು ಮುಗಿಸೋಣ.

"ಒಳ್ಳೆ ಕಾಲೇಜು" ಅಂದಾಗ ನಮ್ಮ ಮನಸ್ಸಿಗೆ ಬರುವುದು ಹತ್ತು ಹನ್ನೆರಡು ಹೆಸರು. ಹೆದರಿಕೆಯೆಲ್ಲ ಹುಟ್ಟುವುದು ಅಲ್ಲಿಂದಲೇ. ಆ ಹೆಸರುಗಳ ಮಟ್ಟಿಗೆ ಹೆದರಿಕೆ ಸುಳ್ಳೂ ಅಲ್ಲ. ಹಾರ್ವರ್ಡ್‌ನ ಪ್ರವೇಶ ಪದ್ಧತಿಯ ಮೇಲೆ ನಡೆದ ಮೊಕದ್ದಮೆಯಲ್ಲಿ, 2019ರಲ್ಲಿ ಕೆಳ ಕೋರ್ಟು ಕೊಟ್ಟ ತೀರ್ಪಿನಲ್ಲಿ ಒಂದು ಲೆಕ್ಕ ಇದೆ. ಒಂದು ವರ್ಷ ದೇಶದೊಳಗಿಂದ ಅರ್ಜಿ ಹಾಕಿದವರು ಸುಮಾರು 26,000 ಮಂದಿ. ಅವರಲ್ಲಿ 8,000ಕ್ಕೂ ಹೆಚ್ಚು ಮಕ್ಕಳಿಗೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಪೂರ್ತಿ ಪೂರ್ತಿ. ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆಯ ಗಣಿತದಲ್ಲಿ ಒಂದೂ ಅಂಕ ಬಿಡದವರು ಸುಮಾರು 3,400. ಇರುವ ಸೀಟು 1,600ರ ಆಸುಪಾಸು. ಬರೀ ಗ್ರೇಡು ನೋಡಿ ಆರಿಸಲು ಅಲ್ಲಿ ಸಾಧ್ಯವೇ ಇಲ್ಲ. ಅದಕ್ಕೇ ಅಲ್ಲಿ ಓದಿಗೆ ಒಂದು ರೇಟಿಂಗ್, ಚಟುವಟಿಕೆಗೆ ಒಂದು, ಆಟಕ್ಕೆ ಒಂದು, ಸ್ವಭಾವಕ್ಕೆ ಒಂದು ಅಂತ ಬೇರೆ ಬೇರೆ ಕೊಡುತ್ತಾರೆ ಅನ್ನುವುದೂ ಅದೇ ಮೊಕದ್ದಮೆಯಲ್ಲಿ ಹೊರಗೆ ಬಂತು. ಅಂಥ ಕಡೆ ಚಟುವಟಿಕೆಯ ಪಟ್ಟಿ ತೆಳ್ಳಗಿದ್ದರೆ ಖಂಡಿತ ಹೊಡೆತ ಬೀಳುತ್ತದೆ. ಸುಳ್ಳು ಸಮಾಧಾನ ಹೇಳಿ ಪ್ರಯೋಜನ ಇಲ್ಲ.

ಇಲ್ಲೊಂದು ಹಳೆಯ ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಓದಿನ ಜೊತೆ "ವ್ಯಕ್ತಿತ್ವ"ವನ್ನೂ ತೂಗುವ ಈ ಪದ್ಧತಿ ಮಕ್ಕಳ ಮೇಲಿನ ಪ್ರೀತಿಯಿಂದ ಶುರುವಾದದ್ದಲ್ಲ. 1920ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಯಹೂದಿ ವಿದ್ಯಾರ್ಥಿಗಳು ಐದರಲ್ಲಿ ಒಂದು ಪಾಲು ಆಗಿದ್ದರು. ಪರೀಕ್ಷೆಯಲ್ಲಿ ಗೆದ್ದೇ ಬಂದವರು. ಆಗಿನ ಅಧ್ಯಕ್ಷ ಲೋವೆಲ್ ಅವರಿಗೆ ಅದು ಜಾಸ್ತಿ ಅನ್ನಿಸಿತು. ನೇರವಾಗಿ ಮಿತಿ ಹಾಕಲು ಹೋದಾಗ ಗಲಾಟೆಯಾಯಿತು. 1926ರ ಹೊತ್ತಿಗೆ "ನಡತೆ, ವ್ಯಕ್ತಿತ್ವ" ನೋಡುವ ದಾರಿ ಹಿಡಿದರು, ಕೆಲಸ ಸದ್ದಿಲ್ಲದೆ ಆಯಿತು. ಈಗ ಆ ಉದ್ದೇಶ ಇಲ್ಲ, ನಿಜ. ಆದರೂ ಈ ಪಟ್ಟಿಯೇ ನಿಮ್ಮ ಮಗಳ ಯೋಗ್ಯತೆಯ ಅಳತೆ ಅಂತ ಯಾರಾದರೂ ಹೇಳಿದರೆ ಇದನ್ನು ನೆನಪಿಸಿಕೊಳ್ಳಿ.

ಆ ಹತ್ತು ಹನ್ನೆರಡು ಹೆಸರು ಬಿಟ್ಟು ಆಚೆ ಬಂದರೆ ಚಿತ್ರ ಬೇರೆಯೇ. ಅಲ್ಲಿನ ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘ ಕಾಲೇಜುಗಳನ್ನು ಆಗಾಗ ಸಮೀಕ್ಷೆ ಮಾಡುತ್ತದೆ. ಗ್ರೇಡು ತುಂಬಾ ಮುಖ್ಯ ಅನ್ನುವ ಕಾಲೇಜುಗಳು ಹೆಚ್ಚುಕಡಿಮೆ ಮುಕ್ಕಾಲು ಪಾಲು. ಚಟುವಟಿಕೆ ಅಷ್ಟೇ ಮುಖ್ಯ ಅನ್ನುವವು ನೂರಕ್ಕೆ ಹತ್ತೂ ಇಲ್ಲ.

ಇದನ್ನು ನೀವೇ ನೋಡಬಹುದು, ಕೌನ್ಸೆಲರ್‌ಗೆ ದುಡ್ಡು ಕೊಡಬೇಕಾಗಿಲ್ಲ. ಕಾಲೇಜಿನ ಹೆಸರಿನ ಜೊತೆ "ಕಾಮನ್ ಡೇಟಾ ಸೆಟ್" ಅಂತ ಹುಡುಕಿ. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ತಮ್ಮ ಪ್ರವೇಶದ ಮಾಹಿತಿಯ ಈ ದಾಖಲೆಯನ್ನು ಪಿಡಿಎಫ್ ಆಗಿ ಹಾಕುತ್ತವೆ. ಅದರಲ್ಲಿ ಸಿ7 ಅನ್ನುವ ಕೋಷ್ಟಕಕ್ಕೆ ಹೋಗಿ. ಕೋರ್ಸುಗಳ ಕಷ್ಟದ ಮಟ್ಟ, ಜಿಪಿಎ, ಪ್ರಬಂಧ, ಶಿಫಾರಸು ಪತ್ರ, ಚಟುವಟಿಕೆ, ಸ್ವಯಂಸೇವೆ, ಕೆಲಸದ ಅನುಭವ ಎಲ್ಲದರ ಮುಂದೆಯೂ "ಬಹಳ ಮುಖ್ಯ"ದಿಂದ "ನೋಡುವುದೇ ಇಲ್ಲ"ದವರೆಗೆ ನಾಲ್ಕರಲ್ಲಿ ಒಂದು ಗುರುತು ಇರುತ್ತದೆ. ಒಂದು ಸಂಜೆ ಕೂತರೆ ಹದಿನೈದು ಕಾಲೇಜು ನೋಡಬಹುದು. ಚಟುವಟಿಕೆಗೆ "ಪರಿಗಣಿಸುತ್ತೇವೆ" ಅಂತಷ್ಟೇ ಹಾಕಿ, ಗ್ರೇಡಿಗೆ "ಬಹಳ ಮುಖ್ಯ" ಅಂತ ಹಾಕಿದ ಕಾಲೇಜು ಸಿಕ್ಕರೆ ಗುರುತು ಮಾಡಿಕೊಳ್ಳಿ. ಅದು ಅವಳಂಥವರಿಗೆ ಬಾಗಿಲು ತೆರೆದಿಟ್ಟ ಜಾಗ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಥವು ಜಾಸ್ತಿ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಹೆಚ್ಚಿನ ಕ್ಯಾಂಪಸ್‌ಗಳು ಪ್ರಬಂಧವನ್ನೂ ಕೇಳುವುದಿಲ್ಲ, ಶಿಫಾರಸು ಪತ್ರವನ್ನೂ ಕೇಳುವುದಿಲ್ಲ. ಗ್ರೇಡಿನ ಮೇಲೇ ಹೆಚ್ಚು ನಡೆಯುತ್ತದೆ. ಟೆಕ್ಸಸ್‌ನಲ್ಲಿ 1997ರಿಂದ ಒಂದು ಕಾನೂನೇ ಇದೆ: ಅಲ್ಲಿನ ಶಾಲೆಯಲ್ಲಿ ತರಗತಿಯ ಮೇಲಿನ ಶೇಕಡಾ 10ರಲ್ಲಿ ಇದ್ದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶ. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ಗೆ ಮಾತ್ರ ಮಿತಿ ಬಿಗಿ. 2026ರಲ್ಲಿ ಸೇರುವವರಿಂದ ಅದು ಮೇಲಿನ ಶೇಕಡಾ 5. ಆದರೆ ಒಂದು ಎಚ್ಚರ. ಹಾಗೆ ಸಿಗುವುದು ವಿಶ್ವವಿದ್ಯಾಲಯಕ್ಕೆ ಪ್ರವೇಶ ಅಷ್ಟೇ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಥರದ ವಿಭಾಗಗಳಿಗೆ ಪೈಪೋಟಿ ಬೇರೆ ಇರುತ್ತದೆ. ಇದು ಗೊತ್ತಿಲ್ಲದೆ ಕೈ ಸುಟ್ಟುಕೊಂಡವರು ಬಹಳ ಜನ.

ಇನ್ನು ಎರಡನೆಯ ಕೆಲಸ, ಹೊತ್ತಿನ ಲೆಕ್ಕ.

ಮಕ್ಕಳ ಜೊತೆ ಅರ್ಜಿ ತುಂಬಿಸಲು ನಾನು ಎಷ್ಟೋ ಸಲ ಕೂತಿದ್ದೇನೆ. ಒಬ್ಬ ಹುಡುಗ ಎರಡು ಸಾಲು ಬರೆದು, "ಅಷ್ಟೇ ಅಂಕಲ್, ಬೇರೇನೂ ಇಲ್ಲ" ಅಂದ. ಸಂಜೆ ಏನು ಮಾಡ್ತೀಯ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಾಚಿಕೊಂಡು ಫೋನ್ ತೆಗೆದು, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ತೋರಿಸಿದ. ಮೂರು ವರ್ಷದಿಂದ ತಮ್ಮ ಊರಿನ ಕಾಲುದಾರಿ, ಬಸ್ ನಿಲ್ದಾಣ, ಗಾಲಿಕುರ್ಚಿ ಹೋಗಬಲ್ಲ ಇಳಿಜಾರು ಎಲ್ಲವನ್ನೂ ನಡೆದು ನೋಡಿ ನಕ್ಷೆಯಲ್ಲಿ ತಿದ್ದುತ್ತಿದ್ದ. ಇದನ್ನೇಕೆ ಬರೆಯಲಿಲ್ಲ ಅಂದರೆ, "ಇದು ಸುಮ್ನೆ ಟೈಂಪಾಸ್ ಅಲ್ವಾ" ಅಂದ. ಕ್ಲಬ್ಬು, ಪದಕ, ಪದವಿ ಇದ್ದರೆ ಮಾತ್ರ ಚಟುವಟಿಕೆ ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಅರ್ಜಿ ಹಾಗೆ ಹೇಳುವುದೇ ಇಲ್ಲ. ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಯ ಬಗೆ ಆರಿಸುವ ಪಟ್ಟಿಯಲ್ಲಿ "ಕುಟುಂಬದ ಜವಾಬ್ದಾರಿ" ಅಂತ ಒಂದು ಇದೆ. "ಸಂಬಳದ ಕೆಲಸ" ಅಂತ ಇನ್ನೊಂದು ಇದೆ. ಯಾವುದಕ್ಕೂ ಸೇರದಿದ್ದರೆ "ಇತರೆ" ಇದೆ. ನಮ್ಮ ಮನೆಗಳ ಮಕ್ಕಳು ಸಾಮಾನ್ಯವಾಗಿ ಬಿಡುವುದು ಈ ಮೂರನ್ನೇ. ತಮ್ಮನನ್ನು ಶಾಲೆಯಿಂದ ಕರೆತರುವುದು, ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎರಡು ಭಾಷೆಯ ನಡುವೆ ಮಾತು ದಾಟಿಸುವುದು, ಅಪ್ಪನ ಅಂಗಡಿಯ ಲೆಕ್ಕ ಬರೆಯುವುದು. ಮನೆಯ ಕೆಲಸ ಮನೆಯ ಕೆಲಸ, ಅದನ್ನೇನು ಹೇಳಿಕೊಳ್ಳುವುದು ಅನ್ನುವ ಸಂಕೋಚ. ಆ ಸಂಕೋಚ ನನಗೆ ಇಷ್ಟವೇ. ಆದರೆ ಅರ್ಜಿಯಲ್ಲಿ ಅದಕ್ಕೆ ಜಾಗ ಇಲ್ಲ.

ಲೆಕ್ಕ ನೋಡಿ. ಶಾಲೆಯ ದಿನಗಳಲ್ಲಿ ಸಂಜೆ ಎರಡು ಗಂಟೆ ತಮ್ಮನ ಜವಾಬ್ದಾರಿ ಅವಳದು ಅಂದರೆ ವಾರಕ್ಕೆ 10 ಗಂಟೆ. ಶಾಲಾ ವರ್ಷದ 36 ವಾರಕ್ಕೆ 360 ಗಂಟೆ. ವಾರಕ್ಕೊಂದು ಗಂಟೆ ಸೇರುವ ಕ್ಲಬ್ಬಿನ ಅಧ್ಯಕ್ಷೆಗೆ ಅದೇ 36 ವಾರದಲ್ಲಿ ಸಿಗುವುದು 36 ಗಂಟೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಅರ್ಜಿ ಕೇಳುವುದೇ ಈ ಹೋಲಿಕೆ ಕಾಣಲಿ ಅಂತ.

ಬರೆಯಲು ಜಾಗ ಕಮ್ಮಿ. ನಿಮ್ಮ ಪಾತ್ರ ಏನು ಅನ್ನುವುದಕ್ಕೆ 50 ಅಕ್ಷರ, ವಿವರಣೆಗೆ 150. ಖಾಲಿ ಜಾಗವೂ ಅದರಲ್ಲೇ ಸೇರಿತು. "ತಮ್ಮನನ್ನು ನೋಡಿಕೊಳ್ಳುತ್ತೇನೆ" ಅಂತ ಬರೆದರೆ ಏನೂ ಕಾಣುವುದಿಲ್ಲ. "7 ವರ್ಷದ ತಮ್ಮನನ್ನು ಕರೆತಂದು, ಊಟ ಕೊಟ್ಟು, ಪಾಠ ಹೇಳುತ್ತೇನೆ, ಅವನಿಗೆ ಭಾಗಾಕಾರ ಬರಲೆಂದು ಇಸ್ಪೀಟಿನ ಆಟ ಕಟ್ಟಿದೆ" ಅಂದರೆ ಒಬ್ಬ ಹುಡುಗಿ ಕಾಣುತ್ತಾಳೆ. ಅವಳು ಬರೆಯುವುದು ಇಂಗ್ಲಿಷಿನಲ್ಲೇ, ಇರಲಿ. ಪದವಿಯ ಹೆಸರು ಬಿಟ್ಟು ಮಾಡಿದ ಕೆಲಸ ಹೇಳಬೇಕು ಅನ್ನುವುದು ಯಾವ ಭಾಷೆಯಲ್ಲೂ ಒಂದೇ.

ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗೆ ಇರುವ ಹತ್ತು ಜಾಗವನ್ನೂ ತುಂಬಲೇಬೇಕು ಅನ್ನುವ ನಿಯಮ ಇಲ್ಲ. ಎಂಐಟಿಯ ಸ್ವಂತ ಅರ್ಜಿಯಲ್ಲಂತೂ ಚಟುವಟಿಕೆಗೆ ಇರುವುದೇ ನಾಲ್ಕು ಜಾಗ. ಜೊತೆಗೆ, ಬರೀ ಖುಷಿಗಾಗಿ ಮಾಡುವ ಒಂದು ಕೆಲಸದ ಬಗ್ಗೆ ಹೇಳಿ ಅಂತಲೂ ಕೇಳುತ್ತಾರೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಉಲ್ಟಾ, 20 ಜಾಗ ಇದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಪ್ರಶಸ್ತಿ, ಕೆಲಸ, ಸೇವೆ ಎಲ್ಲ ಸೇರಿ ಅಷ್ಟು.

ಇಷ್ಟು ಎಣಿಸಿದ ಮೇಲೂ ಪಟ್ಟಿ ಎರಡು ಮೂರರಲ್ಲೇ ನಿಂತರೆ? ಆಗಲೂ ಹೊಸ ಕ್ಲಬ್ಬು ಬೇಡ. ಅವಳಿಗೆ ಈಗಾಗಲೇ ಇಷ್ಟವಿರುವ ಒಂದೇ ವಿಷಯ ಹಿಡಿದು ಒಂದು ಹೆಜ್ಜೆ ಮುಂದೆ ಹೋಗಲಿ. ಗಣಿತ ಇಷ್ಟವೇ? ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಕೋರ್ಸುಗಳ ಸ್ಥಳೀಯ ಕಾಲೇಜು) ಬೇಸಿಗೆಯ ಒಂದು ಕೋರ್ಸ್ ತೆಗೆದುಕೊಳ್ಳಲಿ. ಹೈಸ್ಕೂಲ್ ಮಕ್ಕಳಿಗೆ ಅದು ಎಷ್ಟೋ ಕಡೆ ಬಿಟ್ಟಿ ಅಥವಾ ಅಗ್ಗ. ಅಥವಾ ಗ್ರಂಥಾಲಯದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಲಿ. ಓದಿನಲ್ಲಿ ಗಟ್ಟಿ ಇರುವವಳು ಓದಿನ ದಿಕ್ಕಿನಲ್ಲೇ ಬೆಳೆದರೆ ಅರ್ಜಿ ಒಂದೇ ಮಾತು ಹೇಳುತ್ತದೆ. ಅವಳಿಗೆ ಬೇಡದ ಡಿಬೇಟ್ ತಂದು ಸೇರಿಸಿದರೆ ಎರಡು ಮಾತಾಗುತ್ತದೆ. ಇನ್ನು ದೊಡ್ಡ ಕಾಲೇಜಿನ ಅಂಗಳದಲ್ಲಿ ಸಾವಿರಾರು ಡಾಲರ್ ತೆಗೆದುಕೊಂಡು ನಡೆಸುವ ಬೇಸಿಗೆ ಶಿಬಿರಗಳು. ದುಡ್ಡು ಕೊಟ್ಟವರನ್ನೆಲ್ಲ ಸೇರಿಸಿಕೊಳ್ಳುವ ಶಿಬಿರದಿಂದ ಅದೇ ಕಾಲೇಜಿನಲ್ಲೂ ಸೀಟು ಹತ್ತಿರವಾಗುವುದಿಲ್ಲ. ಆ ದುಡ್ಡು ಉಳಿಸಿ, ಮುಂದೆ ಫೀಸಿಗೆ ಆಗುತ್ತದೆ.

ಪಟ್ಟಿ ಚಿಕ್ಕದಿದ್ದಾಗ ಶಿಫಾರಸು ಪತ್ರದ ತೂಕ ಹೆಚ್ಚುತ್ತದೆ. ಜಾಸ್ತಿ ಮಾರ್ಕ್ಸ್ ಕೊಟ್ಟ ಟೀಚರ್ ಹತ್ತಿರ ಹೋಗಬೇಡಿ. ಅವಳು ಪಾಠ ಮುಗಿದ ಮೇಲೂ ನಿಂತು ಪ್ರಶ್ನೆ ಕೇಳಿದ್ದನ್ನು ನೋಡಿದ ಟೀಚರ್ ಹತ್ತಿರ ಹೋಗಿ. ಬೇಸಿಗೆ ರಜೆಗೆ ಮೊದಲೇ ಕೇಳಬೇಕು. ಶಾಲೆಯ ಕೌನ್ಸೆಲರ್ ಕೂಡ ಒಂದು ಪತ್ರ ಬರೆಯುತ್ತಾರೆ. ನೂರಾರು ಮಕ್ಕಳ ನಡುವೆ ಅವರಿಗೆ ನಿಮ್ಮ ಮನೆಯ ವಿಷಯ ಗೊತ್ತಿರುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ಅಪ್ಪ ಅಮ್ಮನಿಂದಲೇ ಒಂದು ಹಾಳೆ ಬರೆಸಿಕೊಳ್ಳುತ್ತಾರೆ. ಅದನ್ನು "ನಮ್ಮ ಮಗಳು ಬಹಳ ಜಾಣೆ" ಅಂತ ಬರೆದು ಹಾಳು ಮಾಡಬೇಡಿ. ಜಾಣೆ ಅಂತ ಗ್ರೇಡೇ ಹೇಳುತ್ತದೆ. ಸಂಜೆಯ ಆ ಎರಡು ಗಂಟೆಯ ಬಗ್ಗೆ ಬರೆಯಿರಿ.

ಮುಖ್ಯ ಪ್ರಬಂಧಕ್ಕೆ ಮಿತಿ 650 ಪದ. ಅದರಲ್ಲಿ ಚಟುವಟಿಕೆ ಇಲ್ಲ ಅಂತ ಕ್ಷಮೆ ಕೇಳುವುದು ಬೇಡವೇ ಬೇಡ. ಕಾಯಿಲೆ, ಮನೆ ಬದಲಾವಣೆ, ದೂರದ ಬಸ್ ಪ್ರಯಾಣ ಥರದ ನಿಜವಾದ ಕಾರಣ ಇದ್ದರೆ ಹೆಚ್ಚಿನ ಮಾಹಿತಿಗೆ ಬೇರೆ ಜಾಗ ಇದೆ. ಅಲ್ಲಿ ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಲಿ.

ಅಮೆರಿಕದ ಆಚೆಗೂ ಕಣ್ಣು ಹಾಯಿಸಬಹುದು. ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ನೋಡುವುದು ಓದು, ಪ್ರವೇಶ ಪರೀಕ್ಷೆ, ಸಂದರ್ಶನ. ಆಟದ ಕಪ್ಪಿಗೆ ಅಲ್ಲಿ ಹೆಚ್ಚು ಬೆಲೆ ಇಲ್ಲ. ಆ ವಿಷಯದ ಬಗ್ಗೆ ಪಠ್ಯದಾಚೆ ಏನು ಓದಿದ್ದೀಯ ಅಂತ ಕೆದಕುತ್ತಾರೆ. ಹೊರದೇಶದವರಿಗೆ ಫೀಸು ಜಾಸ್ತಿ, ಅದನ್ನು ಮೊದಲೇ ನೋಡಿಕೊಳ್ಳಿ.

ಗೆಳತಿಯರ ಪಟ್ಟಿಯ ವಿಷಯ ಕೇಳಿದ್ದಿರಿ. ಅರ್ಜಿಯ ಜೊತೆ ಶಾಲೆಯ ಪರಿಚಯದ ಹಾಳೆಯೂ ಹೋಗುತ್ತದೆ. ಅಲ್ಲಿ ಯಾವ ಕೋರ್ಸುಗಳು ಇವೆ, ಏನು ಅವಕಾಶ ಇದೆ ಅಂತ ಅದರಲ್ಲಿ ಇರುತ್ತದೆ. ಹಾಗಾಗಿ ಒಂದೇ ಶಾಲೆಯ ಅರ್ಜಿಗಳನ್ನು ಅಕ್ಕಪಕ್ಕ ಇಟ್ಟಂತೆ ಆಗುವುದು ನಿಜ. ಗೆಳತಿಯರೆಲ್ಲ ಅರ್ಜಿ ಹಾಕುವ ಅದೇ ಆರು ಕಾಲೇಜುಗಳಿಗೇ ಅವಳೂ ಹಾಕುವುದು ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ. ಎರಡು ಮೂರು ದೊಡ್ಡ ಹೆಸರಿಗೆ ಹಾಕಲಿ, ಆಸೆ ಇದ್ದೇ ಇರುತ್ತದೆ. ಮಿಕ್ಕವನ್ನು ಸಿ7 ನೋಡಿ ಆರಿಸಿ.

ಕಾಮನ್ ಆ್ಯಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ಹೊಸದಾಗಿ ತೆರೆಯುತ್ತದೆ. ಆದರೆ ಖಾತೆಯನ್ನು ಈಗಲೇ ಮಾಡಬಹುದು. ಚಟುವಟಿಕೆಯ ಭಾಗದಲ್ಲಿ ತುಂಬಿದ್ದು ಮುಂದಿನ ವರ್ಷಕ್ಕೂ ಹಾಗೇ ಉಳಿಯುತ್ತದೆ. ಈ ಭಾನುವಾರ ಅವಳ ಜೊತೆ ಕೂತು ಮೊದಲ ಸಾಲನ್ನು ತುಂಬಿ. "ಏನೂ ಇಲ್ಲ ಅಮ್ಮ" ಅಂದರೆ, ಸಂಜೆ ಏನು ಮಾಡ್ತೀಯ ಅಂತ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ.