ರಷ್ಯಾದಲ್ಲಿ ಬೆಳೆದು ಅಜರ್‌ಬೈಜಾನ್‌ಗೆ ಆಡಿದ ಎಮಿನ್ ಮಹಮೂದೊವ್ ಕಥೆ

1966ರ ಫುಟ್‌ಬಾಲ್ ವರ್ಲ್ಡ್ ಕಪ್ ಫೈನಲ್ ವಿಷ್ಯ ಬಂದ್ರೆ ಇಂಗ್ಲೆಂಡಿನೋರು ಇವತ್ತಿಗೂ 'ಆ ರಷ್ಯನ್ ಲೈನ್ಸ್‌ಮನ್' ಅಂತಾರೆ. ಇಂಗ್ಲೆಂಡಿನ ಹರ್ಸ್ಟ್ ಹೊಡೆದ ಬಾಲ್ ಬಾರ್‌ಗೆ ಬಡಿದು ಕೆಳಗೆ ಬಿತ್ತು, ಗೆರೆ ದಾಟ್ತಾ ಇಲ್ವಾ ಗೊತ್ತಾಗ್ದೆ ರೆಫರಿ ಓಡಿಹೋಗಿ ಕೇಳಿದ್ದು ಇವರನ್ನೇ, ಇವರು ಗೋಲು ಅಂದ್ರು. ಆದ್ರೆ ತೋಫಿಕ್ ಬಹ್ರಾಮೊವ್ ರಷ್ಯನ್ನೇ ಅಲ್ಲ, ಅಜರ್‌ಬೈಜಾನಿ. ಅಲ್ಲಿನ ರಾಜಧಾನಿ ಬಾಕುವಿನ ದೊಡ್ಡ ಹಳೇ ಸ್ಟೇಡಿಯಂಗೆ ಈಗ ಅವರದೇ ಹೆಸರಿದೆ.

ಇದನ್ನ ಯಾಕೆ ಹೇಳ್ದೆ ಅಂದ್ರೆ ಮಿಡ್‌ಫೀಲ್ಡರ್ ಎಮಿನ್ ಮಹಮೂದೊವ್ ಮೇಲೂ ತುಂಬಾ ವರ್ಷ ಇದೇ ರಷ್ಯಾ ಲೇಬಲ್ ಇತ್ತು. ಹುಟ್ಟಿದ್ದು 1992ರ ಏಪ್ರಿಲ್‌ನಲ್ಲಿ, ಅಜರ್‌ಬೈಜಾನ್‌ನ ಸಾಟ್ಲಿಯಲ್ಲಿ. ಸೋವಿಯತ್ ಒಕ್ಕೂಟ ಕಣ್ಣು ಮುಚ್ಚಿ ಆಗಷ್ಟೇ ನಾಲ್ಕು ತಿಂಗಳಾಗಿತ್ತು. (ಸಾಟ್ಲಿ ಅಂದ್ರೆ ಸೋವಿಯತ್ ವಿಜ್ಞಾನಿಗಳು ಎಂಟು ಕಿಲೋಮೀಟರ್‌ಗೂ ಆಳಕ್ಕೆ ಬೋರ್ ಕೊರೆದ ಊರು. ನಮ್ಮ ಕೋಲಾರದ ಬೋರ್‌ವೆಲ್‌ಗಳು ಅದರ ಮುಂದೆ ಮಕ್ಕಳಾಟ!) ಹುಡುಗ ಬೆಳೆದಿದ್ದು, ಆಟ ಕಲ್ತಿದ್ದು ಎಲ್ಲಾ ರಷ್ಯಾದಲ್ಲಿ. ರಷ್ಯಾದ ಯೂತ್ ಟೀಮಿಗೂ ಆಡಿದ.

ಅವನ ಮೊದಲ ಕ್ಲಬ್ ಸಾಟರ್ನ್ ಮಾಸ್ಕೋ ಪಕ್ಕದ್ದು, ಸಾಲದಲ್ಲಿ ಮುಳುಗಿ 2011ರ ಶುರುವಲ್ಲಿ ಬಾಗಿಲೇ ಹಾಕ್ಬಿಡ್ತು. ಕಾಲೂರೋಕೆ ಮುಂಚೆನೇ ನೆಲ ಹೋಯ್ತು ಅಂತಾರಲ್ಲ, ಹಾಗಾಯ್ತು. ಅಲ್ಲಿಂದ ಸ್ಪಾರ್ಟಕ್ ಮಾಸ್ಕೋಗೆ ಬಂದ, ಹೆಸರು ದೊಡ್ಡದೇ, ಆದ್ರೆ ಅಲ್ಲಿ ಜಾಗ ಸಿಗೋದು ಸುಲಭನಾ, ಲೋನ್ ಮೇಲೆ (ಅಂದ್ರೆ ಸ್ವಲ್ಪ ದಿನಕ್ಕೆ ಬೇರೆ ಕ್ಲಬ್‌ಗೆ ಎರವಲು ಹೋಗಿ) ಸೈಬೀರಿಯಾದ ತೋಮ್ಸ್ಕ್, ವೋಲ್ಗಾ ದಂಡೆಯ ಸಮಾರಾ, ಆಮೇಲೆ ಸರಾನ್ಸ್ಕ್‌ನ ಮೊರ್ದೋವಿಯಾ, ಅಲ್ಲಿಂದ ಪೋರ್ಚುಗಲ್‌ನ ಬೋವಿಸ್ಟಾ ಅಂತ ಸುತ್ತಿದ್ದೇ ಸುತ್ತಿದ್ದು. ನನ್ನ ಪ್ರಕಾರ ಇಷ್ಟೆಲ್ಲಾ ಊರು ತಿರುಗಿದ್ದು ದೊಡ್ಡ ಆಸೆಗಿಂತ ಹೆಚ್ಚಾಗಿ ಒಂದು ಕಡೆ ಬೇರು ಬಿಡೋಕೆ ಆಗದೇ ಇದ್ದಿದ್ರಿಂದ.

ರಷ್ಯಾದ ಯೂತ್ ಟೀಮಿಗೆ ಆಡಿದವನು ಅಜರ್‌ಬೈಜಾನ್‌ಗೆ ಹೇಗೆ ಆಡ್ದ ಅಂತ ಕೇಳ್ಬಹುದು. ಮೊದಲು 21 ವಯಸ್ಸು ದಾಟಿದ್ರೆ ದೇಶ ಬದಲಾಯಿಸೋ ಹಾಗಿರ್ಲಿಲ್ಲ, 2009ರಲ್ಲಿ ಫಿಫಾ ಆ ವಯಸ್ಸಿನ ಮಿತಿ ತೆಗೀತು. ಸೀನಿಯರ್ ಟೀಮಿಗೆ ಅಧಿಕೃತ ಪಂದ್ಯ ಆಡಿಲ್ಲ ಅಂದ್ರೆ, ಹುಟ್ಟಿದ ನಾಡಿಗೆ ವಾಪಸ್ ಹೋಗೋ ದಾರಿ ಇತ್ತು. ಸಣ್ಣ ಫುಟ್‌ಬಾಲ್ ದೇಶಗಳಿಗೆ ಈ ನಿಯಮ ಬಂಪರ್ ಲಾಟರಿ ಹೊಡೆದ ಹಾಗೆ.

2017ರಲ್ಲಿ ನೆಫ್ಚಿ ಸೇರ್ಕೊಂಡ. ನೆಫ್ಚಿ ಅಂದ್ರೇನೇ ಎಣ್ಣೆ ಕೆಲಸಗಾರ, 1937ರ ಹಳೇ ಕ್ಲಬ್, ಬಾಕುವಿನ ಮನೆದೇವರು ಅನ್ನಿ. ಇಲ್ಲಿ ಮಾತ್ರ ಅವನು ಬೇರೇನೇ ಆಟಗಾರ ಆದ. ಕರಾಬಾಗ್ ಕ್ಲಬ್ ವರ್ಷಾನುಗಟ್ಟಲೆ ಲೀಗ್ ಟ್ರೋಫೀನ ಯಾರಿಗೂ ಬಿಟ್ಕೊಡ್ದೇ ಇದ್ದಾಗ, 2020-21ರಲ್ಲಿ ನೆಫ್ಚಿ ಅದನ್ನ ಕಿತ್ಕೊಳ್ತು.

ಅದೇ 2021ರ ಸೆಪ್ಟೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ ಐರ್ಲೆಂಡ್ ವಿರುದ್ಧ ಅಜರ್‌ಬೈಜಾನ್ ಪರ ಆಡ್ತಾ, ಹಾಫ್‌ಟೈಮ್ ಹತ್ರ ಬರ್ತಿದ್ದ ಹಾಗೆ ದೂರದಿಂದ ಒಂದು ಗೋಲು ಹೊಡೆದ ನೋಡಿ, ಸ್ಟೇಡಿಯಂ ಗಪ್‌ಚುಪ್. 87ನೇ ನಿಮಿಷದಲ್ಲಿ ಐರ್ಲೆಂಡಿನ ಶೇನ್ ಡಫಿ ಹೆಡರ್‌ನಿಂದ 1-1 ಆಯ್ತು, ಹೊಟ್ಟೆ ಉರೀತು.

ಇನ್ನು ಸ್ವೀಡನ್. 2023ರ ಮಾರ್ಚ್‌ನಲ್ಲಿ ಅವರ ನೆಲದಲ್ಲಿ 5-0 ತಿಂದು ಬಂದಿದ್ದ ಅಜರ್‌ಬೈಜಾನ್, ನವೆಂಬರ್ 16ಕ್ಕೆ ಬಾಕುವಿನಲ್ಲಿ 3ನೇ ನಿಮಿಷಕ್ಕೇ ಗೋಲು ಹೊಡೀತು, ಹೊಡೆದಿದ್ದು ಮಹಮೂದೊವ್. 6ನೇ ನಿಮಿಷಕ್ಕೆ ದಾದಾಶೊವ್ ಇನ್ನೊಂದು. ಆಮೇಲೆ 80 ನಿಮಿಷ ಸ್ವೀಡನ್ ತಡಕಾಡಿದ್ದೇ ಬಂತು, 89ನೇ ನಿಮಿಷಕ್ಕೆ 31 ವರ್ಷದ ಮಹಮೂದೊವ್‌ನೇ ಮೂರನೇದನ್ನೂ ಹಾಕಿ ಲೆಕ್ಕ ಮುಗಿಸ್ದ.