ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಔಷಧಿ ಇದೆಯಾ?

ಪ್ರಶ್ನೆ: ನಮ್ಮ ಯಜಮಾನರು ಹದಿನೈದು ವರ್ಷದಿಂದ ಕುಡಿಯುತ್ತಾರೆ. ಈಗ ಬೆಳಿಗ್ಗೆ ಎದ್ದ ಕೂಡಲೇ ನೈಂಟಿ ಬೇಕು. ಆಸ್ಪತ್ರೆಗೆ ಬನ್ನಿ ಅಂದರೆ ಬರುವುದಿಲ್ಲ. ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸುವ ಔಷಧಿ ಇದೆ ಅಂತಾರೆ. ಕೊಡಬಹುದಾ?

ಕೊಡಬೇಡಿ.

ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕುಡಿತ ಬಿಡಿಸುವ ವಾರ್ಡಿಗೆ ನರ್ಸಾಗಿ ಸೇರಿ ಹದಿನೇಳು ವರ್ಷ ಆಯಿತು. ಇವತ್ತಿಗೂ ಯಾರಾದರೂ ಬ್ಯಾಗಿನ ತಳದಿಂದ ಕಾಗದದ ಪೊಟ್ಟಣ ತೆಗೆದು, "ಸಿಸ್ಟರ್, ಇದು ಒಳ್ಳೇದಾ?" ಅಂತ ಮೆಲ್ಲಗೆ ಕೇಳುತ್ತಾರೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಬಸ್‌ ಸ್ಟ್ಯಾಂಡಿನ ಗೋಡೆಯ ಮೇಲೆ "ಕುಡಿಯುವವರಿಗೆ ಗೊತ್ತಾಗದಂತೆ ಬಿಡಿಸುತ್ತೇವೆ" ಅಂತ ಬರೆದು ಫೋನ್ ನಂಬರ್ ಹಾಕುವವರ ಮೇಲಿದೆ.

ಆ ಪೊಟ್ಟಣದಲ್ಲಿ ಏನಿದೆ ಅಂತ ಮಾರುವವರು ಹೇಳುವುದಿಲ್ಲ. ಬರೀ ಬೇರು, ಸೊಪ್ಪಿನ ಪುಡಿ ಆಗಿದ್ದರೆ ದುಡ್ಡು ಹೋಯಿತು, ಕುಡಿತ ಹಾಗೇ ಉಳಿಯಿತು. ಭಯ ಇರುವುದು ಅದರಲ್ಲಿ ಕುಡಿತ ಬಿಡಿಸಲು ಡಾಕ್ಟರು ಬರೆಯುವ ಡೈಸಲ್ಫಿರಾಂ ಅನ್ನುವ ಮಾತ್ರೆಯ ಪುಡಿ ಇದ್ದರೆ. ಕೆಲವರು ಔಷಧಿ ಅಂಗಡಿಯಿಂದ ನೇರವಾಗಿ ಅದೇ ಮಾತ್ರೆ ತಂದು ಪುಡಿ ಮಾಡಿ ಹಾಕುತ್ತಾರೆ.

ಇದು ಹಳೆಯ ಮಾತ್ರೆ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಸಂಶೋಧಕರು ಇದನ್ನು ಕುಡಿತದ ಚಿಕಿತ್ಸೆಗೆ ತಂದರು. ಅದಕ್ಕೂ ಮೊದಲು ರಬ್ಬರ್ ಕಾರ್ಖಾನೆಗಳಲ್ಲಿ ಈ ಬಗೆಯ ರಾಸಾಯನಿಕ ಬಳಸುತ್ತಿದ್ದರು. ಅಲ್ಲಿ ಕೆಲಸ ಮಾಡುವವರಿಗೆ ಕುಡಿದರೆ ಮೈಗೆ ಆಗುತ್ತಿರಲಿಲ್ಲ. ಕಾರಣ ಇಷ್ಟು. ಕುಡಿದದ್ದು ಲಿವರ್‌ನಲ್ಲಿ ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷವಾಗುತ್ತದೆ. ಆಮೇಲೆ ಒಂದು ಕಿಣ್ವ ಆ ವಿಷವನ್ನು ಒಡೆದು ಹಾಕುತ್ತದೆ. ಈ ಮಾತ್ರೆ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ವಿಷ ಮೈಯಲ್ಲೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ವಾಂತಿ ಶುರುವಾಗುತ್ತದೆ. ಬಿಪಿ ಕುಸಿಯಬಹುದು. ಹೃದಯ ಮೊದಲೇ ಸೋತಿದ್ದರೆ ಪ್ರಾಣವೂ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಇದರ ಪ್ರಭಾವ ಇರಬಹುದು.

ಈಗ ಹೇಳಿ, ಬೆಳಿಗ್ಗೆಯೇ ನೈಂಟಿ ಹಾಕುವ ಮನುಷ್ಯನಿಗೆ ಇದನ್ನು ಸಾರಿನಲ್ಲಿ ಹಾಕಿದರೆ ಏನಾಗುತ್ತದೆ? ಅವರ ರಕ್ತದಲ್ಲಿ ಮದ್ಯ ಮೊದಲೇ ಇದೆ. ಕುಡಿದು ಕನಿಷ್ಠ 12 ಗಂಟೆ ಆಗದೆ ಈ ಮಾತ್ರೆ ಕೊಡಲೇಬಾರದು. ಡಾಕ್ಟರು ಲಿವರ್ ಟೆಸ್ಟ್ ಮಾಡಿಸಿ, ಹೃದಯ ನೋಡಿ, ಆಮೇಲೆ ಬರೆಯುತ್ತಾರೆ. ಕೆಮ್ಮಿನ ಸಿರಪ್ಪು, ದ್ರಾಕ್ಷಾರಿಷ್ಟದಂಥ ಅರಿಷ್ಟಗಳನ್ನೂ ಮುಟ್ಟಬೇಡಿ ಅಂತ ಹೇಳುತ್ತಾರೆ, ಅವುಗಳಲ್ಲೂ ಮದ್ಯದ ಅಂಶ ಇರಬಹುದು. ಮಾತ್ರೆ ತಗೊಂಡಿದ್ದೇ ಗೊತ್ತಿಲ್ಲದವರು ಇದನ್ನೆಲ್ಲ ಹೇಗೆ ತಪ್ಪಿಸುತ್ತಾರೆ? ಅವರನ್ನು ಎಮರ್ಜೆನ್ಸಿಗೆ ಕರೆದುಕೊಂಡು ಹೋದರೆ ಅಲ್ಲಿನ ಡಾಕ್ಟರಿಗಾದರೂ ಏನು ಗೊತ್ತಾಗುತ್ತದೆ?

ಹಾಗಾದರೆ ಈ ಮಾತ್ರೆಯಿಂದ ಯಾರಿಗೂ ಉಪಯೋಗ ಆಗಿಲ್ಲವಾ? ಆಗಿದೆ. ನಮ್ಮಲ್ಲೇ ಎಷ್ಟೋ ಜನರಿಗೆ ಆಗಿದೆ. ಅವರೆಲ್ಲ ಗೊತ್ತಿದ್ದೇ ನುಂಗಿದವರು. "ಇವತ್ತು ಬೆಳಿಗ್ಗೆ ಮಾತ್ರೆ ತಗೊಂಡಿದ್ದೀನಿ, ಸಂಜೆ ಕುಡಿದರೆ ಕೆಟ್ಟೆ" ಅನ್ನುವ ಎಚ್ಚರ ಬಾರ್ ಮುಂದೆ ಹೋಗುವಾಗ ಕಾಲನ್ನು ಹಿಡಿದು ನಿಲ್ಲಿಸುತ್ತದೆ. ಆ ಮಾತ್ರೆಯ ಶಕ್ತಿ ಇರುವುದೇ ಆ ಎಚ್ಚರದಲ್ಲಿ. ದಿನಾ ಬೆಳಿಗ್ಗೆ ಹೆಂಡತಿಯ ಕೈಯಿಂದ ಇಸಿದುಕೊಂಡು, ಅವಳ ಎದುರಿಗೇ ನುಂಗುವವರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕದ್ದು ಕೊಟ್ಟರೆ ಎಚ್ಚರ ಇರುವುದಿಲ್ಲ, ವಿಷ ಮಾತ್ರ ಇರುತ್ತದೆ.

ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಾಸ್ತಿ ವರ್ಷ ಕುಡಿದವರಿಗೆ ಅನುಮಾನದ ಸ್ವಭಾವ ಬೆಳೆದಿರುತ್ತದೆ. ಹೆಂಡತಿ ಊಟದಲ್ಲಿ ಏನೋ ಹಾಕಿದಳು ಅಂತ ಒಂದು ಸಲ ಗೊತ್ತಾದರೆ ಸಾಕು, ಮನೆ ಊಟವನ್ನೇ ಬಿಡುತ್ತಾರೆ. ಮೈಗೆ ಅಷ್ಟೋ ಇಷ್ಟೋ ಸೇರುತ್ತಿದ್ದ ಅನ್ನವೂ ತಪ್ಪಿತು.

ಮನೆಯಲ್ಲಿ ಕೂಡಿ ಹಾಕಿ ಒಂದೇ ಸಲಕ್ಕೆ ಬಿಡಿಸಲು ಹೋಗುವುದೂ ಬೇಡ. ದಿನಾ ಜಾಸ್ತಿ ಕುಡಿಯುವವರು ದಿಢೀರ್ ಅಂತ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಬರುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಗೋಡೆಯ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ, ಇರುವ ಜಾಗವೂ ತಿಳಿಯುವುದಿಲ್ಲ. ಇದು ಗಾಳಿ, ಮಾಟ ಅಲ್ಲ. ಆಸ್ಪತ್ರೆಯಲ್ಲಿ ನಡುಕಕ್ಕೆ ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟು ಆ ವಾರ ದಾಟಿಸುತ್ತಾರೆ. ಮಂಜುನಾಥನ ಮೇಲೆ ಆಣೆ ಮಾಡಿ ಬಿಟ್ಟವರನ್ನು ನೋಡಿದ್ದೇನೆ, ಆ ನಂಬಿಕೆಯ ಬಲ ದೊಡ್ಡದು. ಫಿಟ್ಸ್ ತಡೆಯಲು ಮಾತ್ರ ಔಷಧಿಯೇ ಬೇಕು.

ಬರುವುದಿಲ್ಲ ಅನ್ನುವವರನ್ನು ಕರೆತರುವುದು ಹೇಗೆ? ಕುಡಿದಾಗ ಮಾತೆತ್ತಬೇಡಿ. ಹೊಟ್ಟೆ ಉರಿಗೋ ನಿದ್ದೆ ಬಾರದ್ದಕ್ಕೋ ತೋರಿಸೋಣ ಅನ್ನಿ, ಅದು ಸುಳ್ಳಲ್ಲ, ಅವರಿಗೆ ಅದೂ ಇದೆ. ಆಗಲೂ ಬರಲಿಲ್ಲವಾ, ಮೊದಲು ನೀವೊಬ್ಬರೇ ಬನ್ನಿ. ಅಥವಾ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ಹತ್ತಿರ ಇರುವವರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಹಳ್ಳಿ ಕಡೆ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ.

ಬಿಟ್ಟರೆ ಏನು ಸಿಗುತ್ತದೆ ಅಂತ ಕೇಳುವವರಿಗೆ ನಾನು ಟೀ ಲೋಟದ ವಿಷಯ ಹೇಳುತ್ತೇನೆ. ವಾರ್ಡಿಗೆ ಬಂದ ಮೊದಲ ದಿನ ಲೋಟ ಎರಡು ಕೈಯಲ್ಲಿ ಹಿಡಿದರೂ ಟೀ ಅಂಗಿಯ ಮೇಲೆ ಚೆಲ್ಲುತ್ತದೆ. ನಾವು ಅರ್ಧ ಲೋಟವೇ ಕೊಡುತ್ತೇವೆ. ಎಂಟನೇ ದಿನವೋ ಒಂಬತ್ತನೇ ದಿನವೋ ಅದೇ ಮನುಷ್ಯ ತುಂಬಿದ ಲೋಟವನ್ನು ಒಂದೇ ಕೈಯಲ್ಲಿ ಎತ್ತಿ ಕುಡಿದು, ಕೈಯನ್ನೇ ತಿರುಗಿಸಿ ನೋಡಿಕೊಳ್ಳುತ್ತಾನೆ. ಆಮೇಲೆ ಹಸಿವು ಬರುತ್ತದೆ. ಲಿವರ್‌ನ ಕೊಬ್ಬು ಕೆಲವೇ ವಾರದಲ್ಲಿ ಕರಗಲು ಶುರುವಾಗುತ್ತದೆ. ನಿದ್ದೆ ಸ್ವಲ್ಪ ತಡ, ಅದಕ್ಕೆ ಗಾಬರಿ ಬೇಡ. ದಿನಕ್ಕೆ 200 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 73,000 ಮನೆಯಲ್ಲೇ ಉಳಿಯುತ್ತದೆ. ನಡುವೆ ಒಂದು ಸಲ ಜಾರಿದರೆ ಎಲ್ಲ ಮುಗಿಯಿತು ಅಂತಲ್ಲ. ಮಾರನೇ ದಿನವೇ ಕರೆದುಕೊಂಡು ಬನ್ನಿ.

ನೀವು ಕೇಳದ ಇನ್ನೊಂದು ವಿಷಯವಿದೆ. ಅವರು ಬಿಡುತ್ತಾರೆ ಅಂತಿಟ್ಟುಕೊಳ್ಳಿ, ನಿಮಗೆ ನಂಬಿಕೆ ಯಾವಾಗ ಬರುತ್ತದೆ? ಅವರು ಬಿಟ್ಟ ಕೂಡಲೇ ಆ ನಂಬಿಕೆಯೂ ಬರಬೇಕು ಅಂತೇನೂ ಇಲ್ಲ. ಗಂಡ ಬಿಟ್ಟ ಮೇಲೂ ಒಬ್ಬ ತಾಯಿ ಏಳು ತಿಂಗಳು, ದಿನಾ ಸಂಜೆ, ಗೇಟಿನ ಸದ್ದಿಗೇ ಒಲೆ ಸಣ್ಣಗೆ ಮಾಡಿ ಚಪ್ಪಲಿಯ ಸದ್ದು ಕೇಳಿಸಿಕೊಳ್ಳುತ್ತಿದ್ದರಂತೆ. ಎಳೆದು ಹಾಕುವ ಹೆಜ್ಜೆಯಾ, ನೆಟ್ಟಗಿನ ಹೆಜ್ಜೆಯಾ ಅಂತ. "ತಪ್ಪಾ ಸಿಸ್ಟರ್?" ಅಂದರು. ತಪ್ಪಲ್ಲ, ನಿಮ್ಮ ಕಿವಿಗೂ ಟೈಮ್ ಬೇಕು ಅಂದೆ. ಮುಂದಿನ ಸಲ ಬಂದಾಗ ಅವರೇ ಹೇಳಿದರು: ಮೊನ್ನೆ ದೋಸೆ ಹುಯ್ಯುತ್ತಾ ಇದ್ದರಂತೆ, ತಿರುಗಿ ನೋಡಿದರೆ ಗಂಡ ಆಗಲೇ ಒಳಗೆ ಬಂದು ಮಗಳ ಪಕ್ಕ ಕೂತಿದ್ದರಂತೆ. ಗೇಟಿನ ಸದ್ದು ಅವರಿಗೆ ಕೇಳಿಸಿಯೇ ಇರಲಿಲ್ಲ.